ಬಾವಿಯ ಹರೀಮ್: ನೆಲದಡಿಯ ನೀರು ಮತ್ತು ನೆರೆಯವನ ಹಕ್ಕು

ನೆಲದಡಿಯ ನೀರು ಆಸ್ತಿಯ ಗಡಿಗಳನ್ನು ಅರಿಯದು. ಒಬ್ಬನ ಹಿತ್ತಲಿನಲ್ಲಿ ಇಂಗಿದ ಕೊಳೆಯು ಇನ್ನೊಬ್ಬನ ಬಾವಿಯಲ್ಲಿ ಒಸರಬಲ್ಲದು. ಇದನ್ನು ಇಂದು ನಾವು ವಿಜ್ಞಾನದ ಪಾಠವೆಂದು ಓದುತ್ತೇವೆ. ಮುಸ್ಲಿಮ್ ಸಮಾಜಗಳಲ್ಲಿ ಇದು ನೆರೆಯವನ ಹಕ್ಕಿನ ಪ್ರಶ್ನೆಯೂ ಆಗಿತ್ತು ಎಂಬುದನ್ನು ಇತಿಹಾಸವು ತಿಳಿಸುತ್ತದೆ.

ನಿಂತ ನೀರಿನಲ್ಲಿ ಮೂತ್ರ ವಿಸರ್ಜಿಸುವುದನ್ನೂ ಜನರು ನೀರಿಗಾಗಿ ಬರುವ ಸ್ಥಳಗಳಲ್ಲಿ ಮಲವಿಸರ್ಜನೆ ಮಾಡುವುದನ್ನೂ ಪ್ರವಾದಿ(ಸ)ರು ನಿಷೇಧಿಸಿದರು. ಬಾವಿಯ ಸುತ್ತ ಇತರರು ಆಕ್ರಮಿಸಬಾರದ ಒಂದು ವಲಯವನ್ನು ಕರ್ಮಶಾಸ್ತ್ರ ಪಂಡಿತರು ಗುರುತಿಸಿ ಅದನ್ನು 'ಹರೀಮ್' ಎಂದು ಕರೆದರು. ಜಾನುವಾರುಗಳಿಗೆ ನೀರುಣಿಸುವ ಬಾವಿಗೆ ಇದು 40 ಮೊಳ, ಅಂದರೆ ಸುಮಾರು 18ರಿಂದ 20 ಮೀಟರ್. ಜಾನುವಾರುಗಳಿಗೆ ಸ್ಥಳವಿರಬೇಕು, ಹೊಸ ಬಾವಿಯು ಹಳೆಯದರ ನೀರನ್ನು ಸೆಳೆಯಬಾರದು ಎಂಬುದು ಇದರ ಮೂಲ ಉದ್ದೇಶ. ನೆಲದಡಿಯ ಕಾಲುವೆಗಳಾದ ಕನಾತ್‌ಗಳಿಗೆ ಶಿಯಾ ಕರ್ಮಶಾಸ್ತ್ರವು ಗಟ್ಟಿ ನೆಲದಲ್ಲಿ 500 ಮೊಳವನ್ನೂ ಸಡಿಲ ನೆಲದಲ್ಲಿ 1000 ಮೊಳವನ್ನೂ ವಿಧಿಸಿತು. ಮಣ್ಣಿನ ಗುಣಕ್ಕೆ ತಕ್ಕಂತೆ ಅಂತರವೂ ಬದಲಾಗಬೇಕೆಂಬ ಅರಿವು ಇದರಲ್ಲಿದೆ.

ಮಾಲಿನ್ಯದ ಕುರಿತು ಇನ್ನೂ ನೇರವಾದ ಮಾತು ಉಸ್ಮಾನಿಯಾ ಸಾಮ್ರಾಜ್ಯದ 'ಮಜಲ್ಲಾ' ಸಂಹಿತೆಯಲ್ಲಿದೆ. ಹನಫಿ ಕರ್ಮಶಾಸ್ತ್ರವನ್ನು ಆಧರಿಸಿದ ಈ ಸಂಹಿತೆಯು 1869ರಿಂದ 1876ರವರೆಗೆ ಹಂತ ಹಂತವಾಗಿ ಪ್ರಕಟವಾಯಿತು. ಒಬ್ಬನ ಸಿಹಿನೀರಿನ ಬಾವಿಯ ಬಳಿ ನೆರೆಯವನು ಕೊಳಚೆ ಗುಂಡಿ ತೋಡಿ ಅದರಿಂದ ನೀರು ಕೆಟ್ಟರೆ, ಆ ಹಾನಿಯನ್ನು ನಿವಾರಿಸಬೇಕು. ನಿವಾರಣೆ ಅಸಾಧ್ಯವಾದರೆ ಗುಂಡಿಯನ್ನೇ ಮುಚ್ಚಿಸಬೇಕು ಎಂದು ಅದರ 1212ನೇ ಕಲಮು ಹೇಳುತ್ತದೆ. ಗುಂಡಿಯು ತನ್ನ ಸ್ವಂತ ಜಾಗದಲ್ಲಿದೆ ಎಂಬ ವಾದಕ್ಕೆ ಅಲ್ಲಿ ಬೆಲೆಯಿಲ್ಲ.

ಈ ಅಂತರವನ್ನು ಮರೆತರೆ ಏನಾಗುತ್ತದೆಂಬುದನ್ನು 1854ರ ಲಂಡನ್ ನಗರವು ಕಂಡಿತು. ಬ್ರಾಡ್ ಸ್ಟ್ರೀಟ್‌ನ ಪಂಪಿನ ನೀರು ರುಚಿಯೆಂದೇ ಹೆಸರಾಗಿತ್ತು. ಆ ವರ್ಷದ ಕಾಲರಾಕ್ಕೆ ಅಲ್ಲಿ 600ಕ್ಕೂ ಹೆಚ್ಚು ಜನರು ಬಲಿಯಾದರು. ವೈದ್ಯ ಜಾನ್ ಸ್ನೋ ಅವರ ಮಾತಿನಂತೆ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ತೆಗೆಯಲಾಯಿತು. ಬಳಿಕ ಅಗೆದು ನೋಡಿದಾಗ, ಬಾವಿಯಿಂದ ಮೂರು ಅಡಿಗೂ ಕಡಿಮೆ ಅಂತರದಲ್ಲಿ, ಇಟ್ಟಿಗೆ ಸಡಿಲಗೊಂಡ ಕೊಳಚೆ ಗುಂಡಿಯೊಂದು ಸೋರುತ್ತಿತ್ತು.

ನಮ್ಮ ನಾಡಿನ ಬೀದರಿನಲ್ಲೂ ಇಂತಹ ಪಾಠವೊಂದಿದೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಈ ಊರಿನಲ್ಲಿ ಪರ್ಶಿಯಾದ ಕನಾತ್ ಮಾದರಿಯ ಕರೇಜ್‌ಗಳನ್ನು ಕೊರೆಯಲಾಯಿತು. ಜನರು ಇವನ್ನು ಸುರಂಗ ಬಾವಿ ಎನ್ನುತ್ತಾರೆ. ಮಳೆನೀರು ರಂಧ್ರಮಯವಾದ ಜಂಬಿಟ್ಟಿಗೆ ಕಲ್ಲಿನಲ್ಲಿ ಇಳಿದು, ಕೆಳಗಿನ ಗಟ್ಟಿ ಕರಿಕಲ್ಲಿನ ಮೇಲೆ ಸಂಗ್ರಹವಾಗಿ ಸುರಂಗದಲ್ಲಿ ಹರಿಯುತ್ತದೆ. ಆದರೆ ಮಳೆಗೆ ದಾರಿ ಬಿಟ್ಟ ಅದೇ ರಂಧ್ರಗಳು ಕೊಳಚೆಗೂ ದಾರಿ ಬಿಡುತ್ತವೆ. ನೌಬಾದಿನ ಕರೇಜ್‌ನ ಹಲವು ಬಾಯಿಗಳು ಕಾಲಕ್ರಮೇಣ ಹೂಳು, ಕಸಗಳಿಂದ ತುಂಬಿಹೋದವು. 2015ರ ಸುಮಾರಿಗೆ ಹೂಳೆತ್ತಿದಾಗ ನೀರು ಮತ್ತೆ ಹರಿಯಿತು. ಶತಮಾನಗಳು ಕಳೆದರೂ ಆ ನೀರಿನ ದಾರಿ ಬತ್ತಿರಲಿಲ್ಲ. ನಾವು ಅದನ್ನು ಮುಚ್ಚಿದ್ದೆವು.

ಇಂದು ನಮ್ಮ ಬಾವಿ, ಕೊಳವೆಬಾವಿಗಳನ್ನು ಕೆಡಿಸುವುದು ಮುಖ್ಯವಾಗಿ ಶೌಚದ ಗುಂಡಿಗಳು, ಸೋರುವ ಚರಂಡಿಗಳು, ತಿಪ್ಪೆಗಳು ಹಾಗೂ ಹೊಲಕ್ಕೆ ಮಿತಿಮೀರಿ ಸುರಿದ ಗೊಬ್ಬರ. ಬಾಯಿ ಮುಚ್ಚದೆ ಬಿಟ್ಟ ಹಳೆಯ ಕೊಳವೆಬಾವಿಯು ಮೇಲಿನ ಕೊಳೆಯನ್ನು ನೇರವಾಗಿ ಆಳಕ್ಕೆ ಇಳಿಸುತ್ತದೆ. ಬಣ್ಣ, ರುಚಿ, ವಾಸನೆ ಬದಲಾಗಿದೆಯೇ ಎಂದು ನೋಡುವುದನ್ನು ಶುದ್ಧೀಕರಣದ ಅಧ್ಯಾಯದಲ್ಲಿ ನಾವು ಕಲಿತಿದ್ದೇವೆ. ಕುಡಿಯುವ ನೀರಿಗೆ ಅಷ್ಟು ಸಾಲದು. ರೋಗಾಣುಗಳಿಗಾಗಲಿ ಗೊಬ್ಬರ, ಮಲಗಳಿಂದ ಬರುವ ನೈಟ್ರೇಟ್‌ಗಾಗಲಿ ಈ ಮೂರೂ ಇರಬೇಕೆಂದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಉಳಿಯುತ್ತದೆ. ಅದು ಹಸುಳೆಗಳ ರಕ್ತವು ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 45 ಮಿಲಿಗ್ರಾಂ ಅದರ ಮಿತಿ. ಪರೀಕ್ಷೆಯಿಂದ ಮಾತ್ರ ಅದು ತಿಳಿಯುತ್ತದೆ.

ರೂಮಾ ಬಾವಿಯನ್ನು ಖರೀದಿಸಿ ಸರ್ವರಿಗೂ ಮುಕ್ತಗೊಳಿಸಿದ ಹಝ್ರತ್ ಉಸ್ಮಾನ್(ರ)ರನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಮಸೀದಿ, ಮದ್ರಸಗಳಿಗೆ ಕೊಳವೆಬಾವಿ ಕೊರೆಸುವ ದಾನಿಗಳು ನಮ್ಮಲ್ಲಿ ಕಡಿಮೆಯಿಲ್ಲ. ಬಾವಿ ತೋಡಿಸುವುದು ಸದಕ ಜಾರಿಯಾ ಆಗುವುದಾದರೆ, ಇರುವ ಬಾವಿಯ ಹರೀಮನ್ನು ಕಾಯುವುದೂ ಅದರ ಭಾಗವೇ. ಮನೆ ಕಟ್ಟುವಾಗ ನಮ್ಮ ಶೌಚದ ಗುಂಡಿಗೂ ನೆರೆಯವನ ಬಾವಿಗೂ ಎಷ್ಟು ಅಂತರವಿದೆ ಎಂದು ಅಳೆಯೋಣ. ಆ ನೆರೆಯವನು ಯಾವ ಧರ್ಮದವನೇ ಆಗಿರಲಿ, ಅವನ ಮಗು ಕುಡಿಯುವ ನೀರಿನ ಹೊಣೆ ನಮ್ಮ ಮೇಲೂ ಇದೆ.