ಒಂದೇ ಡಿಕ್ಕಿಗೆ ಎರಡು ತೀರ್ಪು: ಬಾಸ್ಕೆಟ್‌ಬಾಲ್ ರೆಫರಿಗಳು ಗೊಂದಲ ಬಗೆಹರಿಸುವುದು ಹೇಗೆ?

ಕೊನೆಯ ನಿಮಿಷ, ಅಂಕ ಸಮ. ಚೆಂಡು ಹಿಡಿದ ಆಟಗಾರ ಬಾಸ್ಕೆಟ್‌ನತ್ತ ನುಗ್ಗಿ ಎದುರಿಗಿದ್ದ ಡಿಫೆಂಡರ್‌ಗೆ ಡಿಕ್ಕಿ ಹೊಡೆಯುತ್ತಾನೆ. ಇಬ್ಬರೂ ನೆಲಕ್ಕೆ ಬೀಳುತ್ತಾರೆ. ಅಂಕಣದ ಎರಡು ಕಡೆಯಿಂದ ಸೀಟಿ ಮೊಳಗುತ್ತದೆ. ಒಬ್ಬ ರೆಫರಿ ಎರಡೂ ಕೈಗಳನ್ನು ಸೊಂಟದ ಮೇಲಿಡುತ್ತಾರೆ, ಅಂದರೆ ತಪ್ಪು ಡಿಫೆಂಡರ್‌ನದು (ಬ್ಲಾಕ್). ಇನ್ನೊಬ್ಬರು ಮುಷ್ಟಿಯಿಂದ ಅಂಗೈಗೆ ಗುದ್ದುತ್ತಾರೆ, ಅಂದರೆ ತಪ್ಪು ನುಗ್ಗಿದವನದು (ಚಾರ್ಜ್). ಹಾಗಾದರೆ ಯಾರ ಮಾತು ನಡೆಯುತ್ತದೆ?

ಗೊಂದಲ ಹುಟ್ಟುವುದೆಲ್ಲಿ?

ಡಿಫೆಂಡರ್ ಎರಡೂ ಕಾಲು ನೆಲಕ್ಕೂರಿ, ಎದುರಾಳಿಗೆ ಮುಖ ಮಾಡಿ ಮೊದಲೇ ಜಾಗ ಹಿಡಿದಿದ್ದರೆ ಅದು ನ್ಯಾಯಯುತ ರಕ್ಷಣೆ. ಅಂಥವನ ಎದೆಗೆ ಬಂದು ಗುದ್ದಿದರೆ ಅದು ಚಾರ್ಜ್. ಎದುರಾಳಿ ಗಾಳಿಗೆ ಹಾರಿದ ಮೇಲೆ ಡಿಫೆಂಡರ್ ದಾರಿಗೆ ಅಡ್ಡ ಬಂದಿದ್ದರೆ ಅದು ಬ್ಲಾಕ್. ವ್ಯತ್ಯಾಸ ಕ್ಷಣಾರ್ಧದ್ದು. ಬಾಸ್ಕೆಟ್‌ನ ಕೆಳಗೆ ನಿಂತ ರೆಫರಿಗೆ ಡಿಫೆಂಡರ್‌ನ ಕಾಲು ಚೆನ್ನಾಗಿ ಕಾಣುತ್ತದೆ. ಹಿಂದಿನಿಂದ ಬರುವ ರೆಫರಿಗೆ ನುಗ್ಗಿದವನ ಓಟ ಕಾಣುತ್ತದೆ. ಇಬ್ಬರೂ ಪ್ರಾಮಾಣಿಕರಾಗಿದ್ದೂ ಬೇರೆ ಬೇರೆ ತೀರ್ಪು ಕೊಡಬಹುದು.

ಫಿಬಾ ನಿಯಮ ಏನು ಹೇಳುತ್ತದೆ?

ಭಾರತದಲ್ಲೂ ಅಂತಾರಾಷ್ಟ್ರೀಯ ಪಂದ್ಯಗಳಲ್ಲೂ ನಡೆಯುವುದು ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟದ (ಫಿಬಾ) ನಿಯಮ. ಇದರ ಪ್ರಕಾರ ಪಂದ್ಯಕ್ಕೆ ಒಬ್ಬ ಮುಖ್ಯ ರೆಫರಿ (ಕ್ರೂ ಚೀಫ್), ಜೊತೆಗೆ ಒಬ್ಬರು ಅಥವಾ ಇಬ್ಬರು ಅಂಪೈರ್‌ಗಳಿರುತ್ತಾರೆ. ತಮ್ಮ ಕರ್ತವ್ಯದ ಮಿತಿಯಲ್ಲಿ ಒಬ್ಬರು ಕೊಟ್ಟ ತೀರ್ಪನ್ನು ಇನ್ನೊಬ್ಬರು ತಳ್ಳಿಹಾಕುವಂತಿಲ್ಲ, ಪ್ರಶ್ನಿಸುವಂತೆಯೂ ಇಲ್ಲ. ಆದರೆ ಭಿನ್ನಾಭಿಪ್ರಾಯ ಬಂದಾಗ ಅಂತಿಮ ತೀರ್ಮಾನ ಮುಖ್ಯ ರೆಫರಿಯದು. ಅದಕ್ಕೂ ಮೊದಲು ಅವರು ಅಂಪೈರ್‌ಗಳನ್ನೂ ಟೇಬಲ್ ಅಧಿಕಾರಿಗಳನ್ನೂ ಕೇಳಬಹುದು.

ಚೆಂಡು ಗೆರೆಯಾಚೆ ಹೋದಾಗ ಕೊನೆಯದಾಗಿ ಮುಟ್ಟಿದವರು ಯಾರು ಎಂಬ ಬಗ್ಗೆ ರೆಫರಿಗಳಲ್ಲಿ ಒಮ್ಮತವಿಲ್ಲದಿದ್ದರೆ, ಅದಕ್ಕೆ ನಿಯಮದಲ್ಲೇ ಉತ್ತರವಿದೆ. ಅದನ್ನು 'ಜಂಪ್ ಬಾಲ್ ಸನ್ನಿವೇಶ' ಎಂದು ಪರಿಗಣಿಸಿ, ಸ್ಕೋರರ್ ಟೇಬಲ್ ಮೇಲಿನ ಬಾಣದ ಗುರುತು ಯಾವ ತಂಡದ ಪರ ಇದೆಯೋ ಆ ತಂಡಕ್ಕೆ ಚೆಂಡು ಕೊಡುತ್ತಾರೆ.

ಅಮೆರಿಕದ 'ಬ್ಲಾರ್ಜ್'

ಬ್ಲಾಕ್ ಮತ್ತು ಚಾರ್ಜ್ ಎರಡನ್ನೂ ಸೇರಿಸಿ ಅಮೆರಿಕದ ರೆಫರಿಗಳು ಈ ಪೇಚಿಗೆ 'ಬ್ಲಾರ್ಜ್' ಎಂದು ಹೆಸರಿಟ್ಟಿದ್ದಾರೆ. ಅಲ್ಲಿನ ಹೈಸ್ಕೂಲ್ ಪಂದ್ಯಗಳಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ ಹೀಗಿದೆ: ಇಬ್ಬರು ರೆಫರಿಗಳು ವಿರುದ್ಧ ಸನ್ನೆ ಮಾಡಿಬಿಟ್ಟರೆ ಎರಡೂ ತೀರ್ಪು ಉಳಿಯುತ್ತವೆ, ಇಬ್ಬರು ಆಟಗಾರರಿಗೂ ಫೌಲ್ ಬೀಳುತ್ತದೆ. ಫ್ರೀ ಥ್ರೋ ಇಲ್ಲ. ಎಸೆದ ಚೆಂಡು ಬಾಸ್ಕೆಟ್‌ಗೆ ಬಿದ್ದಿದ್ದರೆ ಅಂಕ ಸಿಗುತ್ತದೆ.

ಎನ್‌ಬಿಎ ನಿಯಮ ಪುಸ್ತಕದ ದಾರಿ ಬೇರೆ. ರೆಫರಿಗಳ ಭಿನ್ನಾಭಿಪ್ರಾಯದಿಂದ ಡಬಲ್ ಫೌಲ್ ಆದರೆ ಅಂಕವಿಲ್ಲ, ಅಂಕಣದ ನಡುವಿನ ವೃತ್ತದಲ್ಲಿ ಜಂಪ್ ಬಾಲ್‌ನೊಂದಿಗೆ ಆಟ ಮುಂದುವರಿಯುತ್ತದೆ.

ಬೆಲೆ ತೆರುವವರು ಯಾರು?

ಡಬಲ್ ಫೌಲ್ ನೋಡಲು ಸಮಪಾಲಿನ ನ್ಯಾಯ. ಆದರೆ ಫಿಬಾ ಮತ್ತು ಅಮೆರಿಕದ ಹೈಸ್ಕೂಲ್ ನಿಯಮದಲ್ಲಿ 5 ಫೌಲ್ ಆದರೆ ಆಟಗಾರ ಹೊರಗೆ (ಎನ್‌ಬಿಎಯಲ್ಲಿ 6). ಈಗಾಗಲೇ 4 ಫೌಲ್ ಇರುವವನು ತಾನು ಮಾಡದ ತಪ್ಪಿಗೆ ಬೆಂಚಿಗೆ ಹೋಗಬೇಕಾಗಬಹುದು. ಡಿಕ್ಕಿಯಲ್ಲಿ ತಪ್ಪಿತಸ್ಥ ಒಬ್ಬನೇ ಇದ್ದರೂ ಶಿಕ್ಷೆ ಇಬ್ಬರಿಗೆ. ಆದ್ದರಿಂದಲೇ ಈ ನಿಯಮಕ್ಕೆ ಟೀಕೆಯೂ ಇದೆ.

ತಪ್ಪಿಸುವ ದಾರಿ

ರೆಫರಿಗಳಿಗೆ ಕಲಿಸುವ ಪಾಠ ಸರಳ. ಫೌಲ್ ಕಂಡರೆ ಸೀಟಿ ಊದಿ ಮುಷ್ಟಿ ಮೇಲೆತ್ತಿ, ಅಲ್ಲಿಗೇ ನಿಲ್ಲಿ. ಬ್ಲಾಕ್ ಅಥವಾ ಚಾರ್ಜ್ ಸನ್ನೆಗೆ ಅವಸರಪಡಬೇಡಿ. ಇನ್ನೊಂದು ಸೀಟಿ ಕೇಳಿದ್ದರೆ ಸಹೋದ್ಯೋಗಿಯ ಕಣ್ಣು ನೋಡಿ. ಘಟನೆ ಯಾರ ವ್ಯಾಪ್ತಿಯಲ್ಲಿ ನಡೆದಿದೆಯೋ ಅವರು ತೀರ್ಪು ಹೇಳುತ್ತಾರೆ, ಇನ್ನೊಬ್ಬರು ಮುಷ್ಟಿ ಇಳಿಸುತ್ತಾರೆ. ಒಬ್ಬರು ಟ್ರಾವೆಲಿಂಗ್, ಇನ್ನೊಬ್ಬರು ಫೌಲ್ ಕಂಡಿದ್ದರೆ ಯಾವುದು ಮೊದಲಾಯಿತು ಎಂಬುದನ್ನು ಮಾತಾಡಿಕೊಂಡು ನಿರ್ಧರಿಸುತ್ತಾರೆ.

ಎನ್‌ಬಿಎಯಲ್ಲಿ 2019–20ರ ಋತುವಿನಿಂದ ಕೋಚ್‌ಗಳು ಫೌಲ್ ತೀರ್ಪನ್ನು ವಿಡಿಯೊ ಪರಿಶೀಲನೆಗೆ ಕೇಳಬಹುದು. ಕ್ಯಾಮೆರಾಗಳಿಲ್ಲದ ಶಾಲಾ–ಕಾಲೇಜು ಅಂಕಣಗಳಲ್ಲಿ ಮಾತ್ರ ಇಂದಿಗೂ ಆಟಗಾರನನ್ನು ಕಾಯುವುದು ಮೇಲೆತ್ತಿದ ಮುಷ್ಟಿ ಮತ್ತು ಆ ಒಂದು ಸೆಕೆಂಡಿನ ತಾಳ್ಮೆ.