ಆಂಗ್ಲರ ಕಾಲದ ಬಾಳು: ಮಕ್ಕಳು ಅರಸಿದ ಚರಿತ್ರೆ

ನಮ್ಮ ಇಗರ್ಜಿ ಕಟ್ಟಲ್ಪಟ್ಟ ವೃತ್ತಾಂತವನ್ನು ಬಲ್ಲವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ಅದನ್ನು ಕಟ್ಟಿದವರ ನಿತ್ಯಜೀವನ ಹೇಗಿತ್ತೆಂಬುದನ್ನು ಮಕ್ಕಳೇ ಅರಸಿ ತಿಳಿಯಲೆಂದು, ಕೆಲವು ಭಾನುವಾರ ಧರ್ಮೋಪದೇಶದ ತರಗತಿ ಮುಗಿದ ಬಳಿಕ ಅವರೊಡನೆ ಕುಳಿತೆನು. ಆ ಅನುಭವವನ್ನು ವಾಚಕರ ಮುಂದಿಡುತ್ತಿದ್ದೇನೆ.

ಬ್ರಿಟಿಷರ ಆಳ್ವಿಕೆಯೆಂದೊಡನೆ ಮಕ್ಕಳು ವೈಸರಾಯರ ಹೆಸರುಗಳನ್ನು ಒಪ್ಪಿಸುತ್ತಾರೆ. ಅದು ತಮ್ಮ ಮನೆಯ ಮಾಡಿನಲ್ಲಿಯೂ ಕಣಜದಲ್ಲಿಯೂ ಇತ್ತೆಂಬುದು ಅವರಿಗೆ ಹೊಳೆಯುವುದಿಲ್ಲ. 1799ರಲ್ಲಿ ಟಿಪ್ಪುವಿನ ಪತನಾನಂತರ ಕೆನರಾ ಪ್ರಾಂತವು ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ನಮ್ಮ ಜಿಲ್ಲೆಗೆ 1956ರ ವರೆಗೂ ಮದರಾಸೇ ರಾಜಧಾನಿಯಾಗಿತ್ತು.

ಮೊದಲ ಪಾಠ ಒಂದು ಹಂಚಿನಿಂದ ದೊರೆಯಿತು. ಹಳೆಯ ಹಂಚನ್ನು ತಿರುವಿದ ಬಾಲಕನೊಬ್ಬನು ಬಾಸೆಲ್ ಮಿಶನ್ನಿನ ಮುದ್ರೆಯೊಡನೆ 1865 ಎಂಬ ಅಂಕೆಯನ್ನೂ ಓದಿ, "ಇದು ಇಗರ್ಜಿಗಿಂತಲೂ ಹಳೆಯದು!" ಎಂದು ಕೂಗಿದನು. ಅದು ಹಂಚು ಸುಟ್ಟ ವರುಷವಲ್ಲ, ಮಂಗಳೂರಿನಲ್ಲಿ ಕಾರ್ಖಾನೆ ಆರಂಭವಾದ ವರುಷ. ಒಂದನೆಯ ಮಹಾಯುದ್ಧದಲ್ಲಿ ಅಲ್ಲಿನ ಜರ್ಮನ್ ಮಿಶನರಿಗಳು ಶತ್ರುದೇಶದವರೆಂದು ಬಂಧಿತರಾದರು. ಕಾರ್ಖಾನೆಯು ಅನಂತರ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾಯಿತು. ಯುರೋಪಿನ ಯುದ್ಧ ನಮ್ಮ ಹಂಚಿನವರೆಗೂ ಬಂದಿತ್ತೆಂದು ಮಕ್ಕಳು ಬೆರಗಾದರು.

ಬಳಿಕ ವಿಚಾರಣಾ ಗುರುಗಳ ಅಪ್ಪಣೆ ಪಡೆದು, ಅವರ ಸಮಕ್ಷಮದಲ್ಲಿಯೇ ಜ್ಞಾನಸ್ನಾನ ಹಾಗೂ ಮರಣದ ದಾಖಲೆ ಪುಸ್ತಕಗಳನ್ನು ತೆರೆದೆವು. ಎಲ್ಲವೂ ಲ್ಯಾಟಿನಿನಲ್ಲಿ. ಮನೆಯಲ್ಲಿ ಜುವಾಂವ್ ಆಗಿದ್ದವನು ಅಲ್ಲಿ ಯೋವಾನ್ನೆಸ್. ನಗು ತಡೆಯುವುದು ಕಷ್ಟವಾಯಿತು. ಮರಣಪುಸ್ತಕದಲ್ಲಿ ವಯಸ್ಸಿನ ಸಾಲನ್ನು ಓದತೊಡಗಿದಾಗ ನಗು ನಿಂತಿತು. ದಿನಗಳು, ತಿಂಗಳುಗಳು, ಎರಡು ವರುಷ. ಒಬ್ಬಳು ಬಾಲಕಿ ಒಂದೇ ತಂದೆತಾಯಿಗಳ ಹೆಸರಿನ ಕೆಳಗೆ ಒಂದೇ ಶಿಶುನಾಮವನ್ನು ಎರಡು ಬಾರಿ ಕಂಡು, ಇದು ಬರೆದವರ ತಪ್ಪೇ ಎಂದು ಕೇಳಿದಳು. ತಪ್ಪಲ್ಲ, ಮೊದಲನೆಯ ಮಗು ತೀರಿಕೊಂಡ ಬಳಿಕ ಹುಟ್ಟಿದ ಮಗುವಿಗೆ ಅದೇ ಹೆಸರಿಟ್ಟಿದ್ದರು. ಮುಂದಿನ ವಾರ ಅವಳು ತನ್ನ ತಮ್ಮನ ಲಸಿಕೆಯ ಚೀಟಿಯನ್ನು ತಂದು ಆ ಪುಟದ ಪಕ್ಕದಲ್ಲಿಟ್ಟಳು. ಅಂದು ಊರೂರನ್ನು ಬರಿದುಮಾಡುತ್ತಿದ್ದ ಸಿಡುಬು ನಮ್ಮ ದೇಶದಲ್ಲಿ ಕೊನೆಗೊಂಡದ್ದು 1975ರಲ್ಲಿ. ಇದಕ್ಕಿಂತ ಉತ್ತಮವಾದ ಹೋಲಿಕೆಯನ್ನು ನಾನು ಹೇಳಿಕೊಡಲಾರೆ.

ಹಣದ ವಿಷಯದಲ್ಲಿ ಮಾತ್ರ ಹಿರಿಯರೇ ಮಕ್ಕಳ ದಾರಿ ತಪ್ಪಿಸುತ್ತಾರೆ. ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. 1957ರ ಏಪ್ರಿಲಿನಲ್ಲಿ ನಯಾ ಪೈಸೆ ಬಂದಿತು. ಇಷ್ಟು ಸರಿ. ಆದರೆ ಕೆಲವೇ ಆಣೆಗೆ ಅಕ್ಕಿ ಸಿಗುತ್ತಿದ್ದ ಸುವರ್ಣಕಾಲವನ್ನು ಹೊಗಳುವವರನ್ನು, ಆಗ ದಿನದ ಕೂಲಿ ಎಷ್ಟಿತ್ತೆಂದು ಮಕ್ಕಳು ಕೇಳಲೇಬೇಕು.

ಗದ್ದೆಯ ಮಾತು ಇದಕ್ಕಿಂತಲೂ ಕಠಿಣವಾದುದು. ಸರಕಾರಕ್ಕೆ ತೀರ್ವೆ ಕಟ್ಟುವವನು ಧಣಿ. ಧಣಿಗೆ ಗೇಣಿ ಅಳೆಯುವವನು ಒಕ್ಕಲು. ಚಾಲಗೇಣಿಯ ಒಕ್ಕಲನ್ನು ಎಬ್ಬಿಸುವುದು ಸುಲಭವಾಗಿತ್ತು. ಸ್ವಾತಂತ್ರ್ಯ ಬಂದರೂ ಈ ಕಟ್ಟು ಸಡಿಲಲು 1974ರ ಭೂಸುಧಾರಣೆಯ ಕಾಯಿದೆಯೇ ಬೇಕಾಯಿತು. ನಮ್ಮಲ್ಲಿ ಧಣಿಗಳೂ ಇದ್ದರು, ಒಕ್ಕಲುಗಳೂ ಇದ್ದರು. ಒಂದೇ ಇಗರ್ಜಿಯಲ್ಲಿ ಮೊಣಕಾಲೂರುತ್ತಿದ್ದರು. ಇದನ್ನು ಶತಮಾನೋತ್ಸವದ ಸಂಚಿಕೆಯಲ್ಲಿ ಬರೆಯಬೇಕೆ ಎಂದು ಮಿತ್ರರೊಬ್ಬರು ಆಕ್ಷೇಪಿಸಿದರು. ಮಕ್ಕಳು ಆಗಲೇ ಬರೆದುಬಿಟ್ಟಿದ್ದರು.

ಬಾಲಕನೊಬ್ಬನು ತೊಂಬತ್ತು ದಾಟಿದ ತನ್ನ ಮುತ್ತಜ್ಜಿಯನ್ನು ಕೇಳಿ ಬಂದನು. ಅಕ್ಕಿಯ ಮುಡಿಗಳನ್ನು ಆಕೆಯ ತಂದೆ ತಲೆಹೊರೆಯಲ್ಲಿ ಧಣಿಯ ಮನೆಗೆ ಒಯ್ಯುತ್ತಿದ್ದುದನ್ನೂ, ಆ ವರುಷ ಮಳೆಗಾಲದಲ್ಲಿ ಮನೆಯವರು ಗೆಣಸು ತಿಂದುದನ್ನೂ ಬರೆದು, ಧಣಿಯ ಮನೆತನದ ಹೆಸರನ್ನೂ ಸೇರಿಸಿದ್ದನು. ಅದು ನಮ್ಮ ಮನೆತನದ ಹೆಸರು. ನೋಟುಪುಸ್ತಕವನ್ನು ತಿದ್ದುವಾಗ ಎರಡು ಕಾಗುಣಿತದ ತಪ್ಪುಗಳನ್ನಷ್ಟೇ ಸರಿಪಡಿಸಿ, ಸಹಿ ಹಾಕಿ ಹಿಂದಿರುಗಿಸಿದೆನು.