ಹೇಸಿಗೆ ಹೆಸರು ಹೊತ್ತ ಹಕ್ಕಿ

ಮೊನ್ನೆ ರಾತ್ರಿ ನಿದ್ದೆ ಬರದೆ ಸ್ಕಾಟ್‌ಲ್ಯಾಂಡಿನ ಕಡಲಹಕ್ಕಿಗಳ ವಿಡಿಯೋ ನೋಡ್ತಾ ಕೂತಿದ್ದೆ. ಕಂದು ಬಣ್ಣದ ದಪ್ಪ ಹಕ್ಕಿಯೊಂದು ತನಗಿಂತ ದೊಡ್ಡದಾದ ಗ್ಯಾನೆಟ್ ಎಂಬ ಬಿಳಿ ಹಕ್ಕಿಯ ರೆಕ್ಕೆ ತುದಿ ಕಚ್ಚಿ ಎಳೆದು ನೀರಿಗೆ ಕೆಡವಿತು. ಹದ್ದು ಅಂದುಕೊಂಡೆ. ಅಲ್ಲ! ಕಾಲ್ಬೆರಳುಗಳ ನಡುವೆ ಬಾತುಕೋಳಿಯ ಹಾಗೆ ಚರ್ಮ, ಹಾರುವಾಗ ರೆಕ್ಕೆಯಲ್ಲಿ ಎದ್ದು ಕಾಣುವ ಬಿಳಿ ಮಚ್ಚೆ. ಇದು ಗ್ರೇಟ್ ಸ್ಕುವಾ. ಬ್ರಿಟನ್ನಿನ ಉತ್ತರ ತುದಿಯ ಶೆಟ್‌ಲ್ಯಾಂಡ್ ದ್ವೀಪಗಳ ಜನ ಕರೆಯೋದು ಬಾಂಕ್ಸಿ ಅಂತ.

ವೈಜ್ಞಾನಿಕ ಹೆಸರು ಸ್ಟರ್ಕೊರೇರಿಯಸ್ ಸ್ಕುವಾ. 'ಸ್ಕುವಾ' ಫೆರೋ ದ್ವೀಪದವರ ಮಾತಿನಿಂದ ಬಂದದ್ದು. ಮೊದಲ ಭಾಗಕ್ಕೆ ಲ್ಯಾಟಿನ್ನಿನಲ್ಲಿ 'ಹೇಲಿಗೆ ಸಂಬಂಧಿಸಿದ್ದು' ಅಂತ ಅರ್ಥ, ಕ್ಷಮಿಸಿ! ಸ್ಕುವಾಗಳು ಬೆನ್ನಟ್ಟಿದಾಗ ಬೇರೆ ಹಕ್ಕಿಗಳು ಗಾಬರಿಯಿಂದ ನುಂಗಿದ ಮೀನನ್ನು ಕಕ್ಕುತ್ತವೆ, ಇವು ಅದನ್ನು ತಿನ್ನುತ್ತವೆ. ದೂರದಿಂದ ನೋಡಿದವರು ಅದನ್ನು ಹಿಕ್ಕೆ ಅಂದುಕೊಂಡರು. 1760ರಲ್ಲಿ ಫ್ರಾನ್ಸಿನ ಬ್ರಿಸನ್ ಈ ಕುಲಕ್ಕೆ ಇಟ್ಟ ಹೆಸರು, ತಪ್ಪು ಗೊತ್ತಾದ ಮೇಲೂ ಹಾಗೇ ಉಳಿಯಿತು. ನಮ್ಮ ಕೋಡಿನಲ್ಲಿ ಯಾರೋ ಇಟ್ಟ ವೇರಿಯಬಲ್ ಹೆಸರುಗಳ ಥರ :-)

ಹತ್ತಿರದಿಂದ ನೋಡಿದವರ ಲೆಕ್ಕ ಬೇರೆಯೇ ಇತ್ತು. ಶೆಟ್‌ಲ್ಯಾಂಡಿನ ಕುರಿಗಾರರಿಗೆ ಕುರಿಮರಿ ಹೊತ್ತೊಯ್ಯುವ ಕಡಲಹದ್ದಿನ ಭಯ. ಬಾಂಕ್ಸಿಯೋ, ಗೂಡಿನ ಹತ್ತಿರ ಬಂದದ್ದು ಹದ್ದಾಗಲಿ ಮನುಷ್ಯನಾಗಲಿ, ತಲೆಗೇ ಎರಗುತ್ತದೆ. ಪುಕ್ಕಟೆ ಕಾವಲು! ಹಾಗಾಗಿ ಅವರು ಅದನ್ನು ಕಾಪಾಡಿದರು. ಅಪಾಯ ಬಂದದ್ದು ಹೊರಗಿನಿಂದ. ಚರ್ಮ, ಮೊಟ್ಟೆ ಸಂಗ್ರಹಿಸುವ ಹುಚ್ಚಿನವರಿಂದ. 1831ರ ಹೊತ್ತಿಗೆ ಅನ್‌ಸ್ಟ್ ದ್ವೀಪದ ಹರ್ಮನೆಸ್‌ನಲ್ಲಿ ಉಳಿದದ್ದು ಮೂರೇ ಜೋಡಿ. ಅಲ್ಲಿನ ಜಮೀನ್ದಾರರಾದ ಎಡ್ಮನ್‌ಸ್ಟನ್ ಮನೆತನ ಅವಕ್ಕೆ ಕಾವಲು ನಿಂತಿತು. ಸರ್ಕಾರದ ಕಾನೂನಿಗೆ ಕಾಯಲಿಲ್ಲ, ಅದಕ್ಕೇ ನನಗೆ ಈ ಕಥೆ ಇಷ್ಟ.

ಆಮೇಲೆ ಹದ್ದುಗಳೇ ಬ್ರಿಟನ್ನಿನಿಂದ ಮಾಯವಾದವು (ಗುಂಡೇಟಿಗೆ, ವಿಷಕ್ಕೆ). ಈಗ ಕುರಿಗಾರರ ಸಿಟ್ಟು ಬಾಂಕ್ಸಿಯ ಮೇಲೇ, ಮರಿಗಳಿಗೆ ಕುಕ್ಕುತ್ತದೆ ಅಂತ. ಆದರೂ 2000ದ ಸುಮಾರಿಗೆ ಬ್ರಿಟನ್ನಿನಲ್ಲಿ 9,600 ಜೋಡಿಗಳಿದ್ದವು, ಜಗತ್ತಿನ ಅರ್ಧಕ್ಕಿಂತ ಹೆಚ್ಚು.

2021ರ ಬೇಸಿಗೆಯಲ್ಲಿ ಹಕ್ಕಿಜ್ವರ ಬಂತು. ಬಾಂಕ್ಸಿಗಳು ಸತ್ತ ಹಕ್ಕಿಯನ್ನೂ ತಿನ್ನುತ್ತವೆ, ಸಿಹಿನೀರಿನ ಕೊಳಗಳಲ್ಲಿ ಗುಂಪಾಗಿ ಮೀಯುತ್ತವೆ. ರೋಗಕ್ಕೆ ಇನ್ನೇನು ಬೇಕು? 2023ರಲ್ಲಿ ಮತ್ತೆ ಎಣಿಸಿದಾಗ, ಲೆಕ್ಕ ಹಾಕಿದ ನೆಲೆಗಳಲ್ಲಿ ಶೇ. 76ರಷ್ಟು ಕಡಿಮೆಯಾಗಿದ್ದವು. ಸಂಗ್ರಹಕಾರರನ್ನಾದರೆ ಬಾಗಿಲಲ್ಲಿ ನಿಂತು ತಡೆಯಬಹುದಿತ್ತು. ಆ ವಿಡಿಯೋ ಯಾವ ವರ್ಷದ್ದು ಅಂತ ವಾಪಸ್ ಹೋಗಿ ನೋಡಿದೆ. 2018.